ಗೆರೆಯ ಮೇಲೆ ನಿಂತವರು ಯಾರು?

ಕೆಂಪು ದೀಪ ಉರಿಯುತ್ತಿತ್ತು. ಬೀಪ್ ಬೀಪ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ಆದರೆ ಗೆರೆಯ ಮೇಲೆ ಯಾರೂ ಇರಲಿಲ್ಲ!

ಶಿವನಿ ಸ್ಟೇಷನ್ನಿನ ಹಿಂದೆ ಮುಚ್ಚಿಹೋದ ಕೊಬ್ಬರಿ ಮಂಡಿಯ ಅಂಗಳದಲ್ಲಿ ಅಶ್ವಿನಿ ನಿಂತಲ್ಲೇ ಬೆವತಳು. ಬೆಳಗಿನ ಏಳೂಕಾಲು. ಮೈ ಕೊರೆಯುವ ಚಳಿ. ಹಳಿಗಳಾಚೆ ಸೂರ್ಯ ಆಗಷ್ಟೇ ಮೇಲೆದ್ದಿದ್ದ.

ನಾಯಿಗಳ ರಿಲೇ ಓಟಕ್ಕೆಂದು ಮಾಡಿದ ಆ ಯಂತ್ರದ ಕೆಲಸ ಬಲು ಸರಳ. ಮೊಣಕಾಲೆತ್ತರದ ಎರಡು ಕಂಬ, ನಡುವೆ ಸುಣ್ಣದ ಗೆರೆ. ಒಂದು ಕಂಬ ಕಾಣದ ಬೆಳಕು ಬಿಡುತ್ತದೆ, ಎದುರಿನದು ಅದನ್ನು ನೋಡುತ್ತಿರುತ್ತದೆ. ನೋಡುವ ಕಂಬಕ್ಕೆ ತಂಡದವರೆಲ್ಲ ‘ಕಣ್ಣು’ ಎನ್ನುತ್ತಿದ್ದರು. ಮೂರು ಬೀಪ್ ಆಗಿ ಹಸಿರು ದೀಪ ಹತ್ತಿದರೆ ನಾಯಿ ಓಡಬೇಕು. ನಾಲ್ಕು ಅಡ್ಡಹಲಗೆ ಹಾರಿ, ಪೆಟ್ಟಿಗೆ ತುಳಿದು, ಚಿಮ್ಮಿದ ಚೆಂಡು ಕಚ್ಚಿಕೊಂಡು ವಾಪಸ್ ಬರಬೇಕು. ಅದು ಗೆರೆ ದಾಟಿದ ಮೇಲೆಯೇ ಮುಂದಿನ ನಾಯಿಯ ಸರದಿ. ಹೋದದ್ದು, ಬಂದದ್ದು ಎಲ್ಲವನ್ನೂ ಯಂತ್ರ ಸೆಕೆಂಡಿನ ನೂರನೇ ಪಾಲಿನವರೆಗೆ ಬರೆದಿಡುತ್ತದೆ. ಗೆರೆಯ ಮೇಲೆ ಯಾರಾದರೂ ಅಡ್ಡ ನಿಂತರೆ ಮಾತ್ರ ಕೆಂಪು ದೀಪ ಹಾಕಿ ಬಡಕೊಳ್ಳುತ್ತದೆ.

ಈಗ ಬಡಕೊಳ್ಳುತ್ತಿತ್ತು. ಅಲ್ಲಿ ನಿಂತಿದ್ದವರು ಯಾರು?

ಮತ್ತೆ, ಕಂಬಗಳನ್ನು ನೆಟ್ಟವರು ಯಾರು? ನಿನ್ನೆ ಸಂಜೆ ತಾನೇ ಅವನ್ನು ಪೆಟ್ಟಿಗೆಗೆ ತುಂಬಿ ಶೆಡ್ಡಿನೊಳಗೆ ಇಟ್ಟಿದ್ದಳಲ್ಲ!

“ಚುಕ್ಕೀ!”

ಉತ್ತರವಿಲ್ಲ. ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ಅವಳ ನಾಯಿ ಚುಕ್ಕಿ ಮಲಗುವ ಗೋಣಿಚೀಲ ಖಾಲಿ. ಅಂಗಳದಲ್ಲಿ ಅದರ ಕೊರಳಪಟ್ಟಿ ಬಿದ್ದಿತ್ತು — ಬ್ಲೇಡಿನಲ್ಲಿ ಕೊಯ್ದ ಹಾಗೆ ಕತ್ತರಿಸಿತ್ತು. ಯಂತ್ರದ ಗಾಜಿನಲ್ಲಿ ಒಂದೇ ಒಂದು ಓಟದ ಲೆಕ್ಕ ಹಾಗೇ ನಿಂತಿತ್ತು: 6.21.

ಓಡಿದೆ. ವಾಪಸ್ಸೂ ಬಂದಿದೆ. ಆಮೇಲೆ ಇಲ್ಲ.

ಅವಳ ಮುಷ್ಟಿಯಲ್ಲಿ ಬಾಳೆಹಣ್ಣಿನ ತುಂಡೊಂದು ನಜ್ಜುಗುಜ್ಜಾಗಿತ್ತು. ಅದರೊಳಗೆ ಮಾತ್ರೆ. ಚುಕ್ಕಿಗೆ ಫಿಟ್ಸ್ ಇತ್ತು. ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗೊಮ್ಮೆ ಮಾತ್ರೆ ಹಾಕಲೇಬೇಕು. ತಪ್ಪಿದರೆ ಫಿಟ್ಸ್ ಮೇಲೆ ಫಿಟ್ಸ್ ಬಂದು ಜೀವಕ್ಕೇ ಕುತ್ತು ಎಂದು ಪಶುವೈದ್ಯರು ಎರಡೆರಡು ಸಲ ಹೇಳಿದ್ದರು. ಈ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕಾಯಿಲೆಯ ನಾಯಿ ಎಂದು ಭಾನುವಾರ ಕಡೂರಿನ ಪಂದ್ಯದಿಂದ ಕೈಬಿಟ್ಟುಬಿಟ್ಟರೆ?

ಏಳು ಗಂಟೆಯ ಮಾತ್ರೆ ತಪ್ಪಿಹೋಗಿತ್ತು.

ಮೊದಲು ಬಂದವನು ಕುರಿ ಮೇಯಿಸುವ ಅಂಜಿನಪ್ಪ. ಅವನ ನಾಯಿ ಕರಿಯ ಕೂಡ ತಂಡದ್ದೇ. ದಿನಾ ಬೆಳಿಗ್ಗೆ ಕುರಿ ಬಿಡುವ ಮುಂಚೆ ಅಭ್ಯಾಸಕ್ಕೆ ಬರುತ್ತಿದ್ದ.

“ಚಿರತೆ ಕಣವ್ವಾ,” ಎಂದ ಅವನು, ದನಿ ತಗ್ಗಿಸಿ. “ಮೊನ್ನೆ ಕೆರೆ ಏರಿ ಮ್ಯಾಲೆ ಹೆಜ್ಜೆ ಇದ್ವು.”

“ಚಿರತೆ ಬಂದು ಕಂಬ ನೆಡುತ್ತಾ ಅಂಜಿನಪ್ಪ? ಸ್ವಿಚ್ ಹಾಕುತ್ತಾ?”

ಅವನು ಕೆಂಪು ದೀಪ ನೋಡಿದ. ಗೆರೆ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

“ಹಂಗಾರೆ... ದೆವ್ವ-ಗಾಳಿ ಇರ್ಬೌದು.”

ಅಶ್ವಿನಿ ಗೆಳತಿ ಮಾಯಾಗೆ ಫೋನ್ ಮಾಡಿದಳು. ಮಾಯಾಳ ತಂದೆ ಯೋಗಾನಂದರು ಬೀರೂರು ಜಂಕ್ಷನ್ನಿನಲ್ಲಿ ಮೂವತ್ತೈದು ವರ್ಷ ರೈಲ್ವೆ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ಊರಲ್ಲಿ ಏನೇ ಕಳೆದರೂ ಜನ ಪೊಲೀಸ್ ಸ್ಟೇಷನ್ನಿಗೆ ಹೋಗುವ ಮುಂಚೆ ಅವರ ಮನೆ ಬಾಗಿಲು ತಟ್ಟುತ್ತಿದ್ದರು.

“ಯಾವ್ದನ್ನೂ ಮುಟ್ಬೇಡ. ಬತ್ತೀನಿ,” ಎಂದು, ಮಗಳ ಕೈಯಿಂದ ಫೋನ್ ತೆಗೆದುಕೊಂಡ ಯೋಗಾನಂದರು ಅಷ್ಟೇ ಹೇಳಿ ಇಟ್ಟರು.

ಹತ್ತು ಗಂಟೆಯ ಹೊತ್ತಿಗೆ ರೈಲಿಳಿದು ಬಂದರು. ಬಿಳಿ ಜುಬ್ಬಾ, ಕೈಯಲ್ಲಿ ಬಟ್ಟೆಚೀಲ. ಬಂದವರೇ ಕಂಬಗಳ ಎದುರು ಕುಕ್ಕರುಗಾಲಲ್ಲಿ ಕೂತರು.

“ಎಲ್ಲಮ್ಮಾ ಕೆಂಪು ದೀಪ?”

ಅಶ್ವಿನಿ ತಿರುಗಿ ನೋಡಿದಳು. ದೀಪ ಆರಿತ್ತು! ಸದ್ದೂ ಇರಲಿಲ್ಲ.

“ಅಯ್ಯೋ, ಈಗ... ಈಗಿತ್ತು ಅಂಕಲ್! ಯಾವಾಗ ಆರ್ತೋ! ಯಾರೂ ಮುಟ್ಟಿಲ್ಲ, ಆಣೆ!”

ಯೋಗಾನಂದರು ಗೆರೆಯ ಮೇಲೆ ಕೈ ಆಡಿಸಿದರು. ಯಂತ್ರ ಬೀಪ್ ಎಂದಿತು. ಕೈ ತೆಗೆದರು. ಸುಮ್ಮನಾಯಿತು. ನೆಟ್ಟಗೇ ಇತ್ತು. ಗೆರೆಯ ಮೇಲೆ ನಿಂತಿದ್ದವರು ಹೊರಟು ಹೋಗಿದ್ದಾರೆ ಎನಿಸಿ ಅಶ್ವಿನಿಗೆ ಅಳುವೇ ಬಂತು.

“ನಾಯಿ ಯಾರ ಹತ್ರ ಹೋಗುತ್ತೆ?”

“ಯಾರ ಹತ್ರಾನೂ ಇಲ್ಲ. ಬೀದೀಲಿ ಹೊಡೆತ ತಿಂದು ಬೆಳ್ದಿದ್ದು. ಜನ ಕಂಡ್ರೆ ತೆಂಗಿನ ಮಟ್ಟೆ ರಾಶಿ ಸಂದೀಲಿ ನುಗ್ಗುತ್ತೆ. ಆದ್ರೆ ಆ ಮೂರು ಬೀಪ್ ಕೇಳಿದ್ರೆ ಮಾತ್ರ ತಡಿಯಲ್ಲ. ಎಲ್ಲಿದ್ರೂ ಓಡಿಬರುತ್ತೆ.”

“ಅಂದ್ರೆ ಯಂತ್ರಾನೇ ಗಾಳ. ಚೆಂಡು ಕಚ್ಚಿಕೊಂಡು ಬಂದಾಗ ಚೀಲ ಹಾಕಿ ಹಿಡ್ದಿದ್ದಾರೆ. ಈ ಗುಟ್ಟು ಯಾರ್‍ಯಾರಿಗೆ ಗೊತ್ತು?”

“ನನಗೆ. ಅಂಜಿನಪ್ಪಂಗೆ. ಯಂತ್ರ ಮಾಡಿಕೊಟ್ಟ ಚಂದ್ರಶೇಖರಂಗೆ. ಮತ್ತೆ ಗೊಬ್ಬರದಂಗಡಿ ಓಂಕಾರೇಶ್ ಅವರಿಗೆ. ತಂಡದ ಉಳಿದ ಎರಡು ನಾಯಿ ತರೀಕೆರೆಯವರ್‍ದು, ಅವರು ಇಲ್ಲಿಗೆ ಬಂದೇ ಇಲ್ಲ.”

“ಶೆಡ್ಡಿನ ಬೀಗದ ಕೈ?”

“ಬಾಗಿಲ ಮೇಲಿನ ಸಂದೀಲಿ. ಅಷ್ಟೂ ಜನಕ್ಕೆ ಗೊತ್ತು.”

“ನಿನ್ನ ಬಿಟ್ರೆ ಮೂರು ಜನ,” ಎಂದರು ಯೋಗಾನಂದರು. ಅವಳ ಮುಖವನ್ನೇ ನೋಡಿದರು. “ಇನ್ನೇನೋ ಮುಚ್ಚಿಡ್ತಿದ್ದೀಯ. ನಾಯಿ ಕಳೆದವರು ಅಳ್ತಾರೆ. ನೀನು ಗಡಿಯಾರ ನೋಡ್ತಿದ್ದೀಯ.”

ಅಶ್ವಿನಿ ಮಾತ್ರೆಯ ವಿಷಯ ಹೇಳಿಬಿಟ್ಟಳು. ಅವರ ಹಣೆ ಗಂಟಿಕ್ಕಿತು.

“ಎಲ್ಲರಿಗೂ ಹೇಳ್ಬಿಡ್ಲಾ ಅಂಕಲ್?”

“ತಡಿ. ಹೇಳಿದ್ರೆ ಹಿಡ್ದವನು ಹೆದರಿ ಎಲ್ಲೋ ದಾರಿ ಬದಿ ಬಿಸಾಕಿ ಕೈ ತೊಳ್ಕೊಂಬಿಟ್ರೆ? ಮೊದ್ಲು ಯಾರು ಅಂತ ಗೊತ್ತಾಗ್ಲಿ. ಎಲ್ಲರನ್ನೂ ಕರೆಸು. ಬೇಗ.”

ಹನ್ನೊಂದರ ಹೊತ್ತಿಗೆ ಮೂವರೂ ಸೇರಿದರು. ಯೋಗಾನಂದರು ಅಷ್ಟರಲ್ಲಿ ಕಂಬಗಳನ್ನು ಕಿತ್ತು ಪೆಟ್ಟಿಗೆಗೆ ಹಾಕಿಟ್ಟಿದ್ದರು. ಮುಟ್ಟಬೇಡ ಎಂದವರು ತಾವೇ ಯಾಕೆ ಕಿತ್ತರೋ ಅಶ್ವಿನಿಗೆ ತಿಳಿಯಲಿಲ್ಲ.

ಮೊದಲು ಅಂಜಿನಪ್ಪ.

“ಹೋದ ತಿಂಗಳು ಆ ನಾಯಿ ನಿನ್ನ ಕುರಿಮರಿ ಅಟ್ಟಿಸ್ಕೊಂಡು ಹೋಗಿತ್ತಂತೆ?”

“ಹೌದು. ಇನ್ನೊಂದ್ಸಲ ಬಂದ್ರೆ ಕಾಲು ಮುರೀತೀನಿ ಅಂದಿದ್ದೆ,” ಎಂದ ಅಂಜಿನಪ್ಪ ಒರಟಾಗಿ. “ಅಂದಿದ್ದೆಲ್ಲ ಮಾಡಿದ್ರೆ ಈ ಊರಲ್ಲಿ ಒಬ್ಬರಿಗೂ ಕಾಲಿರ್ತಿರ್ಲಿಲ್ಲ ಸ್ವಾಮಿ.”

ಆಮೇಲೆ ಚಂದ್ರಶೇಖರ. ಅಜ್ಜಂಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮುಖ ದಪ್ಪಗೆ ಊದಿಸಿಕೊಂಡೇ ಬಂದಿದ್ದ.

“ಯಂತ್ರ ವಾಪಸ್ ಕೊಡಿ ಅಂತ ನಿನ್ನೆ ಫೋನಲ್ಲಿ ಕೂಗಾಡಿದ್ದೀಯಲ್ಲಪ್ಪ?”

“ಕೂಗಾಡ್ದೆ! ಮೂರು ತಿಂಗಳು ಕಣ್ಣು ಕಿತ್ಕೊಂಡು ಮಾಡಿದ್ದು ಸಾರ್. ತಂಡದ ಟೀ ಶರ್ಟ್ ಮೇಲೆ ಗೊಬ್ಬರದಂಗಡಿ ಹೆಸ್ರು ಇದೆ, ನನ್ನ ಹೆಸ್ರಿಲ್ಲ. ಆದ್ರೆ ಬೇಕಾಗಿದ್ರೆ ಯಂತ್ರ ಒಯ್ತಿದ್ದೆ. ನಾಯಿ ಕಟ್ಕೊಂಡು ನಾನೇನ್ ಮಾಡ್ಲಿ?”

ಕೊನೆಗೆ ಗೊಬ್ಬರದಂಗಡಿಯ ಓಂಕಾರೇಶ್. ಸುದ್ದಿ ಕೇಳಿದ್ದೇ ಕಾರು ತೆಗೆದು ದೇವನೂರು ರಸ್ತೆಯವರೆಗೆ ಹುಡುಕಿ ಬಂದಿದ್ದರು. ಎಲ್ಲರಿಗೂ ಟೀ ತರಿಸಿದ್ದೂ ಅವರೇ. ಅವರ ಬಳಿ ಅರ್ಜುನ್ ಎಂಬ ಮುಧೋಳ ನಾಯಿ ಇತ್ತು. ಹೋದ ಗುರುವಾರ ತಂಡದ ನಾಲ್ಕನೇ ಜಾಗದ ಆಯ್ಕೆಯಲ್ಲಿ ಯಂತ್ರ ಅದಕ್ಕಿಂತ ಚುಕ್ಕಿಯೇ ಚುರುಕು ಎಂದು ತೋರಿಸಿತ್ತು.

“ಬೇಜಾರಾಗಿರ್ಬೇಕು?”

“ಯಂತ್ರ ಹೇಳಿದ್ಮೇಲೆ ಮುಗೀತಲ್ಲ ಬಿಡಿ ಸಾರ್. ನಾನೇ ಪೇಟೆಯಿಂದ ಸ್ವೀಟ್ ತಂದು ಹಂಚಿದೆ,” ಎಂದು ನಕ್ಕರು. “ಬೆಳಿಗ್ಗೆ ಅಂಗಡಿ ತೆಗೀಬೇಕು, ನಾನು ಬರೋದು ಸಂಜೆ ಮಾತ್ರ. ಪಾಪ, ಆ ಮೂಕ ಪ್ರಾಣಿಗೆ ಏನಾಯ್ತೋ.”

ಹನ್ನೊಂದೂವರೆ. ಇವರೆಲ್ಲ ಹೀಗೇ ಮಾತಾಡುತ್ತ ಕೂತರೆ ಚುಕ್ಕಿ ಎಲ್ಲೋ ಕತ್ತಲಲ್ಲಿ ನೊರೆ ಕಾರುತ್ತ ಒದ್ದಾಡುತ್ತದಲ್ಲ! ಅಶ್ವಿನಿಗೆ ಚೀರಬೇಕೆನಿಸಿತು. ದುಪ್ಪಟ್ಟಾದ ತುದಿ ಕಚ್ಚಿಕೊಂಡು ನಿಂತಳು.

ಯೋಗಾನಂದರು ಕೈ ಕೊಡವಿ ಎದ್ದರು. “ಬೀಪ್ ಕೇಳಿದ್ರೆ ನಾಯಿ ಬರುತ್ತಂತಲ್ಲ. ಹತ್ರದಲ್ಲೇ ಇದ್ರೆ ಬರ್ಲಿ. ಬೆಳಗಿನ ಪ್ರಾಕ್ಟೀಸಿಗೆ ಹೆಂಗೆ ನಿಲ್ಲಿಸ್ತೀರೋ ಹಂಗೆ ಕಂಬ ನಿಲ್ಸಿ. ಒಬ್ಬೊಬ್ಬರೇ ಬನ್ನಿ. ಉಳಿದವರು ಶೆಡ್ಡಿನ ಹಿಂದೆ ಇರಿ.”

ಇದೆಂಥ ಹುಚ್ಚಾಟ ಎನ್ನುವಂತೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಹೋದರು.

ಅಂಜಿನಪ್ಪ ಎರಡೂ ಕಂಬ ಎತ್ತಿಕೊಂಡು ಬಂದ. ಕಣ್ಣನ್ನು ರೈಲು ಹಳಿಯ ಬದಿಯಲ್ಲಿ ನೆಟ್ಟ, ಬೆಳಕು ಬಿಡುವ ಕಂಬವನ್ನು ಎದುರು ಹುಣಸೆ ಮರದ ಬದಿಯಲ್ಲಿ ನೆಟ್ಟ. ಚಂದ್ರಶೇಖರನೂ ಹಾಗೇ ಮಾಡಿದ. ಓಂಕಾರೇಶ್ ಬಂದರು. ಸ್ವಲ್ಪವೂ ಯೋಚಿಸಲಿಲ್ಲ. ಕಣ್ಣನ್ನು ಹುಣಸೆ ಮರದ ಬದಿಯಲ್ಲಿ ನೆಟ್ಟು ಕೈ ಒರೆಸಿಕೊಂಡರು.

“ಸರಿಯಾಗಿದೆಯಾ?” ಎಂದರು ಯೋಗಾನಂದರು.

“ಸರಿಯಾಗೇ ಇದೆ. ಕಣ್ಣು ಯಾವಾಗ್ಲೂ ಹುಣಸೆ ಮರದ ಕಡೆ. ಮೊದಲ್ನೇ ದಿನಾನೇ ಅಶ್ವಿನಿ ಮೇಡಂ ಹೇಳ್ಕೊಟ್ಟಿದ್ದು.”

ಅಶ್ವಿನಿ ಸರಕ್ಕನೆ ಆ ಕಂಬದ ಕಡೆ ತಿರುಗಿದಳು. ಬೆಳಿಗ್ಗೆ ಕಣ್ಣು ಹುಣಸೆ ಮರದ ಕಡೆಯೇ ಇತ್ತಲ್ಲ! ದಿನಾ ಸಂಜೆ ಅಲ್ಲೇ ನೋಡಿ ನೋಡಿ, ಹೆದರಿಕೆಯಲ್ಲಿ ತನಗೆ ಹೊಳೆಯಲೇ ಇಲ್ಲವಲ್ಲ!

ಯೋಗಾನಂದರು ಉಳಿದವರನ್ನೂ ಕರೆದರು.

“ಚಂದ್ರಶೇಖರ, ನೀನ್ಯಾಕಪ್ಪ ಕಣ್ಣನ್ನ ಹಳಿ ಕಡೆ ನೆಟ್ಟೆ?”

“ಬೆಳಗಿನ ಪ್ರಾಕ್ಟೀಸು ಅಂದ್ರಲ್ಲ ಸಾರ್. ಸೂರ್ಯ ಹಳಿ ಕಡೆಯಿಂದ ಹುಟ್ತಾನೆ. ಕಣ್ಣು ಸೂರ್ಯನಿಗೆ ಬೆನ್ನು ಹಾಕಿ ನಿಲ್ಬೇಕು. ಎಳೆ ಬಿಸಿಲು ನೇರ ಬಿದ್ರೆ ಅದು ಕುರುಡಾಗುತ್ತೆ. ಎದುರಿನ ಬೆಳಕು ಕಾಣ್ದೆ, ಯಾರೋ ಅಡ್ಡ ನಿಂತಿದ್ದಾರೆ ಅಂದ್ಕೊಂಡು ಕೆಂಪು ದೀಪ ಹಾಕ್ಬಿಡುತ್ತೆ. ಸಂಜೆ ಅದಕ್ಕೇ ಜಾಗ ಬದಲಾಯಿಸ್ತೀವಿ.”

“ಕೇಳಿದ್ಯೇನಮ್ಮಾ ಅಶ್ವಿನಿ? ಗೆರೆ ಮೇಲೆ ನಿಂತಿದ್ದು ಗಾಳಿಯಲ್ಲ, ಬಿಸಿಲು. ಸಿಗ್ನಲ್ಲು ತನಗೆ ಕಂಡಿದ್ದನ್ನ ಹೇಳುತ್ತೆ ಅಷ್ಟೇ. ಅದಕ್ಕೆ ಏನು ಕಂಡಿತು ಅಂತ ನಾವು ಹುಡುಕ್ಬೇಕು. ಕದ್ದವನು ಬಂದಿದ್ದು ಬೆಳಕು ಹರಿಯೋ ಮುಂಚೆ. ಆಗ ಯಂತ್ರ ನೆಟ್ಟಗೇ ನಡೀತು, ನಾಯಿ ಸಿಕ್ತು, ಹೊತ್ಕೊಂಡು ಹೋದ. ಆಮೇಲೆ ಸೂರ್ಯ ಬಂದ, ದೀಪ ಹತ್ತಿತು. ಬಿಸಿಲು ಮೇಲೇರಿದಂಗೆ ತಾನೇ ಆರಿತು.” ಅವರು ತಿರುಗಿದರು. “ಬೆಳಗಿನವರ್‍ಯಾರೂ ಕಣ್ಣನ್ನ ಹುಣಸೆ ಮರದ ಕಡೆ ನೆಡಲ್ಲ. ನೆಡೋದು ಒಬ್ಬರೇ. ನಾಯಿ ಎಲ್ಲಿ ಓಂಕಾರೇಶ್?”

ಓಂಕಾರೇಶರ ಮುಖ ಕೆಂಪಗಾಯಿತು. “ಏನ್ರೀ ಇದು? ಕಂಬ ಅತ್ತಿತ್ತ ಆಗಿದ್ದಕ್ಕೆ ನಾನು ಕಳ್ಳನಾ? ಊರಲ್ಲಿ ನನ್ನ ಮಾನ ಏನು, ಮರ್ಯಾದೆ ಏನು! ನಾಯಿ ಗೀಯಿ ನನಗೊತ್ತಿಲ್ಲ!”

ಅಶ್ವಿನಿಗೆ ಇನ್ನು ತಡೆಯಲಾಗಲಿಲ್ಲ.

“ಅದಕ್ಕೆ ಫಿಟ್ಸ್ ಇದೆ ಓಂಕಾರೇಶಣ್ಣಾ! ಮಾತ್ರೆ ತಪ್ಪಿದೆ. ಸತ್ತು ಹೋಗುತ್ತೆ!”

ಓಂಕಾರೇಶ್ ಅವಳ ಕಡೆ ತಿರುಗಿದರು.

“ಫಿಟ್ಸಾ? ಯಾರಿಗೆ, ಚುಕ್ಕಿಗಾ?” ದನಿ ಒಡೆಯಿತು. “ಅಯ್ಯಯ್ಯೋ... ಬಾಯಿಗೆ ಬಟ್ಟೆ ಕಟ್ಟಿದ್ದೀನಲ್ರೀ! ತೋಟದ ಪಂಪ್‌ಹೌಸಲ್ಲಿ... ಹತ್ತಿ, ಕಾರು ಹತ್ತಿ!”

ದಾರಿಯುದ್ದಕ್ಕೂ ಅವರು ಬಡಬಡಿಸುತ್ತಲೇ ಇದ್ದರು. ಬೀದಿನಾಯಿ ಗೆದ್ದಿತಲ್ಲ ಎಂದು ಅಂಗಡಿಗೆ ಬಂದವರೆಲ್ಲ ನಕ್ಕಿದ್ದರಂತೆ. ಆ ಗಾಜಿನ ಅಂಕಿಗಳು ನಿದ್ದೆಯಲ್ಲೂ ಕಾಣುತ್ತಿದ್ದವಂತೆ. ಗುರುತು ಸಿಗದಿರಲೆಂದು ಕೊರಳಪಟ್ಟಿ ಕೊಯ್ದೆಸೆದಿದ್ದರಂತೆ, ಭಾನುವಾರ ಮುಗಿದ ಮೇಲೆ ತಂದು ಬಿಡಬೇಕೆಂದಿದ್ದರಂತೆ. ಅಶ್ವಿನಿ ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಬಾಯಿ ಕಟ್ಟಿದೆ, ಬಾಯಿ ಕಟ್ಟಿದೆ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು.

ಪಂಪ್‌ಹೌಸಿನ ಬಾಗಿಲು ತೆಗೆದಾಗ ಚುಕ್ಕಿ ಸಿಮೆಂಟ್ ನೆಲದ ಮೇಲೆ ಅಡ್ಡಬಿದ್ದಿತ್ತು. ನಾಲ್ಕೂ ಕಾಲು ಸೆಟೆದು ಗಾಳಿಯಲ್ಲಿ ಓಡುತ್ತಿದ್ದವು. ಅಶ್ವಿನಿ ಮೇಲೆ ಬಿದ್ದು ಬಾಯಿಯ ಬಟ್ಟೆ ಕಿತ್ತೆಸೆದಳು. ನೊರೆ ಸುರಿಯಿತು. ತಲೆ ನೆಲಕ್ಕೆ ಬಡಿಯದಂತೆ ಓಂಕಾರೇಶ್ ತಮ್ಮ ಎರಡೂ ಅಂಗೈ ಒಡ್ಡಿದರು.

ಒಂದು ನಿಮಿಷ. ಎರಡು ನಿಮಿಷ. ಯೋಗಾನಂದರು ಆಗಲೇ ಪಶುವೈದ್ಯರಿಗೆ ಫೋನ್ ಹಚ್ಚಿ ದಾರಿ ಹೇಳುತ್ತಿದ್ದರು.

ಮೂರನೇ ನಿಮಿಷಕ್ಕೆ ಕಾಲುಗಳು ನಿಂತವು. ಹೊಟ್ಟೆ ಏರಿತು, ಇಳಿಯಿತು. ಚುಕ್ಕಿ ಮಬ್ಬು ಕಣ್ಣು ತೆರೆದು ಅಶ್ವಿನಿಯ ಮಣಿಕಟ್ಟು ಮೂಸಿತು. ಅವಳು ಗೊಳೋ ಎಂದು ಅತ್ತಳು.

“ಒಂದು ಮಾತು ಹೇಳಿದ್ರೆ ಮುಟ್ತಾನೇ ಇರ್ಲಿಲ್ಲ ಕಣಮ್ಮಾ,” ಎಂದರು ಓಂಕಾರೇಶ್, ಅವರೂ ಅಳುತ್ತಿದ್ದರು. “ಯಾಕಮ್ಮಾ ಹೇಳ್ಲಿಲ್ಲ?”

ಬೈಯಬೇಕೆಂದು ಅಶ್ವಿನಿ ಬಾಯಿ ತೆರೆದಳು. ಆದರೆ ಬೈಯಲಿಲ್ಲ. ನಾಯಿಯ ಬೆನ್ನು ಸವರುತ್ತ ಕೂತಳು.

“ಹೇಳಿದ್ರೆ ಓಡಿಸಲ್ಲ ಅಂತೀರಲ್ಲ, ಅದಕ್ಕೆ,” ಎಂದಳು. “ನಂಗೂ ಆ ಅಂಕಿಗಳೇ ಬೇಕಾಗಿತ್ತು ಅಣ್ಣಾ.”

ಹೊರಗೆ ವೈದ್ಯರ ಬೈಕಿನ ಸದ್ದು ಕೇಳಿಸಿತು. ಅವಳು ತರೀಕೆರೆಯವರಿಗೆ ಫೋನ್ ಮಾಡಿ, ಭಾನುವಾರ ಚುಕ್ಕಿ ಓಡುವುದಿಲ್ಲ, ಅದಕ್ಕೆ ಫಿಟ್ಸ್ ಇದೆ ಎಂದು ಹೇಳಿದಳು.