ಉಸ್ಮಾನಸಾಬರ ಕೈಯಲ್ಲಿದ್ದ ವಾಚು

ಬಂಗಾರ ಬಣ್ಣದ್ದಕ್ಕೆ ನೂರಾ ಹತ್ತು. ಕಪ್ಪು ರಬ್ಬರ್ ಪಟ್ಟಿಯದ್ದಕ್ಕೆ ನೂರಾ ಇಪ್ಪತ್ತು. ಕೀಲಿ ಕೊಡುವ ವಾಚಿಗೆ ಇನ್ನೂರಾ ನಲವತ್ತು, ಅದರ ಮಾತೇ ಬೇಡ. ಹಾಲವ್ವಜ್ಜಿಯ ಸೆರಗಿನ ಗಂಟಿನಲ್ಲಿ ಇದ್ದದ್ದು ನೂರಾ ಇಪ್ಪತ್ತು ರೂಪಾಯಿ. ಅರವತ್ತು ಅವಳ ಮನೆಯದು, ಅರವತ್ತು ಪಕ್ಕದ ತೋಟದ ಕರಿಬಸಪ್ಪನದು.

"ಆಯೀ, ಬಂಗಾರದ್ದ ತಗೊಳ್ಳೋಣು. ಅದರಾಗ ಏಳ ಮ್ಯೂಸಿಕ್ ಅದಾವ," ಎಂದಳು ಮೊಮ್ಮಗಳು ಸರೋಜಾ.

"ಎಲಿಬಳ್ಳಿಗೆ ನೀರ ಹಾಯಸ್ತೀಯೊ, ಮ್ಯೂಸಿಕ್ ಹಾಯಸ್ತೀಯೊ?"

ಅಜ್ಜಿ ಬಂಗಾರದ ವಾಚನ್ನು ಕಿವಿಗೆ ಹಿಡಿದಳು. ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಅಂಗಡಿಯ ಉಸ್ಮಾನಸಾಬರ ಮುಂದೆ ಇಟ್ಟಳು.

"ಸಾಬ್ರ, ಇದು ಸತ್ತೈತಿ."

"ಡಿಜಿಟಲ್ ಐತ್ರಿ ಅಮ್ಮಾ. ಟಿಕ್ ಟಿಕ್ ಅನ್ನಂಗಿಲ್ಲ."

ಸವಣೂರಿನ ವೀಳ್ಯದೆಲೆ ತೋಟದಲ್ಲಿ ಈ ಎರಡು ಮನೆಗಳಿಗೆ ಒಂದೇ ಬಾವಿ, ಒಂದೇ ಮೋಟಾರು. ಕರೆಂಟು ಬೆಳಗ್ಗೆ ಆರರಿಂದ ಹತ್ತರ ತನಕ. ಎಂಟರ ತನಕ ಅಜ್ಜಿಯ ಪಾಳಿ, ಆಮೇಲೆ ಕರಿಬಸಪ್ಪನದು. ಮೊದಲು ಕರಿಬಸಪ್ಪನ ಕೀಲಿ ವಾಚು ನೋಡಿ ನೀರು ತಿರುಗಿಸುತ್ತಿದ್ದರು. ಅದು ಕಾಲುವೆಗೆ ಬಿದ್ದು ಎಂಟೂ ಇಪ್ಪತ್ತಕ್ಕೆ ನಿಂತಿತು. ಕರಿಬಸಪ್ಪ ಮತ್ತೂ ಎರಡು ದಿನ ಅದನ್ನೇ ನೋಡಿ ಪಾಳಿ ಕೇಳಿದ. ದೊಡ್ಡ ಜಗಳವಾಯಿತು.

ಕೊನೆಗೆ, ಹೊಸ ವಾಚು ಇಬ್ಬರೂ ಕೂಡಿ ಕೊಳ್ಳುವುದು, ಅದು ಸರೋಜಾಳ ಕೈಯಲ್ಲಿರುವುದು ಎಂದು ತೀರ್ಮಾನವಾಯಿತು. ಹಾಗೆ ಹೇಳಿದವನು ಕರಿಬಸಪ್ಪನೇ. "ನಿನ್ನ ನಾ ನಂಬಂಗಿಲ್ಲ ಹಾಲವ್ವಾ. ಹುಡುಗಿ ಹೇಳಿದ್ರ ಆತು."

"ಇದು ನೀರಾಗ ಬಿದ್ದರ?" ಅಜ್ಜಿ ಕಪ್ಪು ವಾಚು ತೋರಿಸಿ ಕೇಳಿದಳು.

"ಏನೂ ಆಗಂಗಿಲ್ರಿ. ಇಲ್ಲೆ ಬರದೈತಿ ನೋಡ್ರಿ, ವಾಟರ್‌ಪ್ರೂಫ್."

"ಹಂಗಾರ ಒಂದ ತಂಬಿಗಿ ನೀರ ತರ್ರಿ. ಮುಳುಗಿಸೋಣು."

ಉಸ್ಮಾನಸಾಬರು ವಾಚನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಮುಳುಗಿಸಾಕ ಬರದಿಲ್ರಿ, ಸುಮ್ನ ಬರದೈತಿ."

ಅಷ್ಟರಲ್ಲಿ ಮಸೀದಿಯಿಂದ ಆಜಾನ್ ಕೇಳಿತು. "ಐದ ಮಿನಿಟ್ ಕುಂದರ್ರಿ," ಎಂದು ಉಸ್ಮಾನಸಾಬರು ಅಂಗಡಿಯ ಮುಂದಿನ ನಲ್ಲಿಯ ಹತ್ತಿರ ಹೋದರು. ಅಂಗಿಯ ತೋಳು ಏರಿಸಿ ಮೊಣಕೈ ತನಕ ತೊಳೆದುಕೊಂಡರು. ಅವರ ಕೈಯಲ್ಲೊಂದು ಹಳೆಯ ಡಿಜಿಟಲ್ ವಾಚು ಇತ್ತು. ಅವರು ಅದನ್ನು ಬಿಚ್ಚಲಿಲ್ಲ. ಸಡಿಲ ಪಟ್ಟಿಯನ್ನು ಹಿಂದೆ ಮುಂದೆ ಸರಿಸಿದರು, ನೀರು ಅದರ ಮೇಲೆಯೇ ಹರಿಯಿತು.

ಅಜ್ಜಿ ಕಣ್ಣು ಮಿಟುಕಿಸದೆ ನೋಡಿದಳು.

ಅವರು ನಮಾಜು ಮುಗಿಸಿ ಬಂದ ಕೂಡಲೇ ಕೇಳಿದಳು. "ದಿನಕ್ಕ ಎಷ್ಟ ಸರ್ತಿ ಹಿಂಗ ತೊಳಕೊಂತೀರಿ?"

"ಐದ ಸರ್ತಿ."

"ಎಷ್ಟ ವರ್ಷ ಆತು?"

"ಮೂರ ವರ್ಷ... ಯಾಕ್ರಿ?"

"ಆ ಕೈಯಾಗಿಂದು ಕೊಡ್ರಿ."

"ಅಮ್ಮಾ, ಇದು ನಂದು! ಗಾಜ ಗೀಚೇತಿ, ಹಳೇದು."

"ನಾನೂ ಹಳೇಕಿನ. ರೇಟ್ ಹೇಳ್ರಿ."

ತೊಂಬತ್ತಕ್ಕೆ ಮುಗಿಯಿತು. ಸರೋಜಾ ದಾರಿಯುದ್ದಕ್ಕೂ ಕಲ್ಲು ಒದೆಯುತ್ತ ನಡೆದಳು. ಮ್ಯೂಸಿಕ್ ಇಲ್ಲ, ಬಣ್ಣ ಇಲ್ಲ. ಕೈ ಕೆಳಗೆ ಮಾಡಿದರೆ ವಾಚು ಬೆರಳಿನ ತನಕ ಜಾರುತ್ತಿತ್ತು.

ನಾಲ್ಕನೆಯ ದಿನ ಅದು ಪೂರ್ತಿ ಜಾರಿತು.

ಅಂದು ಅವಳು ಎಲೆ ತೊಳೆದು ಬುಟ್ಟಿಗೆ ತುಂಬಿದ್ದಳು. ಎಲೆ ಮಾರುವ ಸಿರಾಜುದ್ದೀನ ಬುಟ್ಟಿಗಳನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಹಿರೇಕೆರೂರು ಸಂತೆಗೆ ಹೋದ. ಸಂಜೆ ನೋಡಿದರೆ ಕೈ ಬರಿದು. ತೋಟ ಹುಡುಕಿದಳು, ಕಾಲುವೆ ತಡಕಿದಳು. ಸಿಗಲಿಲ್ಲ.

ಮರುದಿನ ಮುಂಜಾನೆ ಮಣಿಕಟ್ಟಿಗೆ ಒಂದು ಚಿಂದಿ ಸುತ್ತಿಕೊಂಡು ತೋಟಕ್ಕೆ ಬಂದಳು.

"ಇದೇನಬೇ?" ಅಜ್ಜಿ ಕೇಳಿದಳು.

"ವಾಚಿಗೆ ರಾಡಿ ಹತ್ತಬಾರದಂತ ಕಟ್ಟೇನಿ."

"ಶಾಣ್ಯಾಕಿ ನೋಡು," ಎಂದಳು ಅಜ್ಜಿ.

ಆಕಾಶದಲ್ಲಿ ಮೋಡ. ಹೊತ್ತು ಅಳೆಯಲು ನೆರಳಿಲ್ಲ. ಸರೋಜಾ ಆಗಾಗ ಚಿಂದಿ ಎತ್ತಿ ತನ್ನ ಚರ್ಮ ನೋಡಿಕೊಂಡಳು. ಕೊನೆಗೊಮ್ಮೆ ಕೂಗಿದಳು. "ಎಂಟಾತ್ರಿ ಕಾಕಾ!"

ಕರಿಬಸಪ್ಪ ಏನೂ ಕೇಳದೆ ಸಲಿಕೆ ಹಿಡಿದು ನೀರು ತಿರುಗಿಸಿಕೊಂಡ. ಹತ್ತಕ್ಕೆ ಕರೆಂಟು ಹೋಯಿತು. ಅವನ ಕಡೆಯ ಎರಡು ಸಾಲಿಗೆ ನೀರು ಮುಟ್ಟಲೇ ಇಲ್ಲ. ಮರುದಿನವೂ ಅವೇ ಎರಡು ಸಾಲು ಉಳಿದವು.

ಕರಿಬಸಪ್ಪ ಬಾವಿಯ ಹತ್ತಿರ ಹೋಗಿ ಮೋಟಾರಿಗೆ ಬೈದ. "ನಿನಗ ಮುಪ್ಪ ಬಂತೇನ? ಮೊನ್ನಿ ತನಕಾ ಛಲೋ ಇದ್ದೆಲ್ಲಾ!"

ಮೋಟಾರು ಸುಮ್ಮನಿತ್ತು. ಸರೋಜಾ ಪಾಟಿಚೀಲ ಎತ್ತಿಕೊಂಡು ಶಾಲೆಗೆ ಹೊರಟಳು. ಆದರೆ ಅಂದು ಶಾಲೆಯಲ್ಲಿ ಮಾಸ್ತರರು ಏನು ಕಲಿಸಿದರೋ ಅವಳಿಗೆ ಗೊತ್ತಾಗಲಿಲ್ಲ. ಕಣ್ಣ ಮುಂದೆ ಎರಡು ಒಣ ಸಾಲುಗಳಿದ್ದವು.

ಸಂಜೆ ಸಿರಾಜುದ್ದೀನ ಬಂದ. "ಏ ಸರೂ, ಎಲಿ ಜೋಡಿ ವಾಚ್‌ನೂ ಮಾರಾಕ ಹಚ್ಚಿದ್ದೇನ? ಹಸಿ ಎಲಿ ಬುಡಕ ಮಲಗಿತ್ತು. ಮ್ಯಾಲಿಂದ ಬಸ್ ಟಾಪ್‌ನ್ಯಾಗ ಮಳಿ ಬ್ಯಾರೆ."

ಸರೋಜಾ ಗೀಚಿದ ಗಾಜನ್ನು ಲಂಗಕ್ಕೆ ಒರೆಸಿ ನೋಡಿದಳು. ಆರೂ ಹತ್ತು. ಚುಕ್ಕೆಗಳೆರಡೂ ಮಿನುಗುತ್ತಿದ್ದವು.

ಮರುದಿನ ಅವಳು ಚಿಂದಿಯನ್ನು ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿ ಅದರ ಮೇಲೆ ವಾಚು ಕಟ್ಟಿದಳು. ಈಗ ಅದು ಜಾರಲಿಲ್ಲ.

"ಕಾಕಾ, ನೀರ ತಿರುವಿಕೊಳ್ರಿ."

"ಎಂಟಾತೇನವಾ?"

"ಇಲ್ರಿ. ಏಳೂವರಿ."

ಕರಿಬಸಪ್ಪ ಸಲಿಕೆ ಊರಿ ನಿಂತ. ಸರೋಜಾ ನೆಲ ನೋಡುತ್ತ ಹೇಳಿದಳು. "ಎರಡ ದಿನ ವಾಚ್ ಕಳದಿತ್ರಿ. ನಾ ಅಂದಾಜಲೆ ಹೇಳೇನಿ. ಮೋಟರ್ದು ತಪ್ಪಿಲ್ರಿ."

ಬಳ್ಳಿಯ ಆ ಕಡೆಯಿಂದ ಅಜ್ಜಿಯ ತಲೆ ಮೇಲೆದ್ದಿತು. ಅಜ್ಜಿ ಇನ್ನೂ ನೀರು ಮುಟ್ಟದ ತನ್ನ ಸಾಲುಗಳನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು.

"ಎರಡ ದಿನಾನಾ?"

"ಹೂಂ ಆಯೀ."

"ಹಂಗಾರ ನಾಳೇನೂ ಏಳೂವರೀನ," ಎಂದು ಅಜ್ಜಿ ಮತ್ತೆ ಬಗ್ಗಿದಳು.

ಕರಿಬಸಪ್ಪ ಸರೋಜಾಳ ಮುಖ ನೋಡಿದ. ವಾಚು ನೋಡಲಿಲ್ಲ. ಹೋಗಿ ನೀರು ತಿರುಗಿಸಿಕೊಂಡ.

ಮೂರನೆಯ ದಿನ ಸರೋಜಾ "ಎಂಟಾತ್ರಿ ಕಾಕಾ" ಎಂದಾಗ ಅವನು ಎಂದಿನಂತೆ ಏನೂ ಕೇಳದೆ ಸಲಿಕೆ ಎತ್ತಿದ. ಅವಳು ಮತ್ತೊಮ್ಮೆ ವಾಚು ನೋಡಿಕೊಂಡಳು.

ಆ ಎರಡು ದಿನದಲ್ಲಿ ಅಜ್ಜಿಯ ತೋಟಕ್ಕೆ ಒಟ್ಟು ಒಂದು ತಾಸಿನ ನೀರು ಕಡಿಮೆಯಾಗಿತ್ತು. ವಾಚು ಒಂದು ನಿಮಿಷವೂ ಹಿಂದೆ ಬಿದ್ದಿರಲಿಲ್ಲ.