ಕಪ್ಪು ಟೇಪು, ಮೂರನೇ ನಂಬರು

"ಟೇಪ್ ಕೀಳಬೇಡಿ."

ಸಂಯುಕ್ತಾಳ ಉಗುರು ಆಗಲೇ ಟೇಪಿನ ಅಂಚಿಗೆ ಸಿಕ್ಕಿತ್ತು. ಕೌಂಟರಿನ ಆ ಕಡೆ ಕೂತಿದ್ದವನು ಎಡಗೈ ಚಾಚಿ, ಅವಳ ಕೈಯಲ್ಲಿದ್ದ ಗೇಮ್ ಮಷೀನನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡ.

"ಯಾಕೆ ಕೀಳಬಾರದು? ಕಂಪನಿ ಹೆಸರು ಮುಚ್ಚಿಟ್ಟು ಮಾರೋರನ್ನ ನಾನು ಇಲ್ಲೇ ನೋಡ್ತಿರೋದು."

"ನಾನು ಮಾರಲ್ಲ ಮೇಡಂ. ರಿಪೇರಿ ಮಾಡ್ತೀನಿ. ಕೇಳಿದೋರಿಗೆ ಟೆಸ್ಟ್ ಮಾಡಿ, ಯಾವ್ದು ಅವರಿಗೆ ಸರಿ ಅಂತ ಹೇಳ್ತೀನಿ. ನೀವು ಎಲ್ಲಿ ಬೇಕಾದ್ರೂ ತಗೊಳ್ಳಿ."

"ಅಷ್ಟಕ್ಕೆ ಇಷ್ಟು ಗುಟ್ಟು ಯಾಕೆ?"

"ಹೆಸರು ಕಣ್ಣಿಗೆ ಬಿದ್ರೆ ಯಾರೂ ಕೈಯಲ್ಲಿ ಹಿಡಿದು ನೋಡಲ್ಲ ಕಣ್ರೀ. ಡಬ್ಬಿ ನೋಡ್ತಾರೆ, ತಗೋತಾರೆ. ವಾರಕ್ಕೆ ನನ್ನ ಹತ್ರ ಬರ್ತಾರೆ."

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ಅನುಮಾನ ಬಂತು. ಸುನೀಲನೂ ಹೀಗೇ ಸರಿಯಾಗಿ ಮಾತಾಡುತ್ತಿದ್ದ!

ಸಂಯುಕ್ತಾ ಹೆಬ್ಬಾಳದ ಒಂದು ಸೆಂಟರಿನಲ್ಲಿ ಹ್ಯಾಂಡ್ ಥೆರಪಿಸ್ಟ್. ಪೆಟ್ಟಾದ, ಹೊಲಿಗೆ ಬಿದ್ದ, ಪಾರ್ಶ್ವವಾಯು ಬಡಿದ ಕೈಗಳಿಗೆ ಮತ್ತೆ ಚಲನೆ ಕಲಿಸುವುದು ಅವಳ ಕೆಲಸ. ರಬ್ಬರ್ ಚೆಂಡು ಹಿಸುಕಿ ಬೇಜಾರಾದ ಪೇಷಂಟುಗಳು ಕೈಗೆ ಗೇಮ್ ಮಷೀನ್ ಕೊಟ್ಟರೆ ಅರ್ಧ ಗಂಟೆ ನೋವು ಮರೆತು ಬೆರಳಾಡಿಸುತ್ತಾರೆ. ಹೋದ ವರ್ಷ ಇದನ್ನು ಹೇಳಿ, ದೊಡ್ಡ ಡಾಕ್ಟರನ್ನು ಒಪ್ಪಿಸಿ, ಎಂಟು ಮಷೀನು ತರಿಸಿದ್ದಳು. ಯಾವುದನ್ನು ತರಿಸಬೇಕೆಂದು ಹೇಳಿದವನು ಸುನೀಲ್, ಅವಳ ಜೊತೆ ನಿಶ್ಚಿತಾರ್ಥವಾಗಿದ್ದವನು. "ಹೆಸರು ನೋಡು ಸಂಯು, ಇದಕ್ಕಿಂತ ಬೇಕಾ?" ಅಂದಿದ್ದ.

ಕೆಂಪು ಡಬ್ಬಿಯಲ್ಲಿ ಬಂದ ಆ ಮಷೀನುಗಳು ಇಟ್ಟಿಗೆಯಷ್ಟು ಭಾರವಿದ್ದವು. ಬಟನ್ನುಗಳು ಎಷ್ಟು ಬಿಗಿಯಿದ್ದವೆಂದರೆ ಒಬ್ಬ ಪೇಷಂಟೂ ಒತ್ತಲಾಗಲಿಲ್ಲ. ಎಂಟೂ ಬೀರು ಸೇರಿದವು. ಆಮೇಲೆ ಗೊತ್ತಾಯಿತು, ಸುನೀಲನಿಗೆ ಆ ಕಂಪನಿಯಿಂದ ಕಮಿಷನ್ ಬಂದಿತ್ತು. ಅವಳು ಉಂಗುರ ಬಿಚ್ಚಿ ಕೊಟ್ಟಳು.

ಈಗ ಡಾಕ್ಟರು ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದರು. "ಈ ಸಲವೂ ಬೀರು ಸೇರಿದ್ರೆ, ಈ ಆಟದ ಸಹವಾಸವೇ ಬೇಡ" ಎಂದಿದ್ದರು. ಜೊತೆಯಲ್ಲಿ ಕೆಲಸ ಮಾಡುವ ಸುಮಾ, ಕೊಡಿಗೇಹಳ್ಳಿಯಲ್ಲಿ ಭೀಮರಾಜ್ ಅಂತ ಒಬ್ಬರಿದ್ದಾರೆ, ಹೋಗಿ ಕೇಳು ಎಂದು ಕಳಿಸಿದ್ದಳು. ಹಳೆಯ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ.

"ಯಾರು ಆಡೋದು?" ಭೀಮರಾಜ್ ಕೇಳಿದ.

"ಕೈಗೆ ಶಕ್ತಿ ಇಲ್ಲದೋರು. ಕೆಲವರಿಗೆ ಹೊಲಿಗೆ ಈಗಷ್ಟೇ ಬಿಚ್ಚಿರುತ್ತೆ. ಅದಕ್ಕೆ ನನ್ನ ಕೈಗೆ ಕೊಡೋ ಮುಂಚೆ ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸಿ ಕೊಡಬೇಕು."

ಅವನ ಮುಖದಲ್ಲಿ ಏನೋ ಬದಲಾಯಿತು. ಒಳಗಿನಿಂದ ಮೂರು ಮಷೀನು ತಂದಿಟ್ಟ. ಮೂರರ ಮೇಲೂ ಕಪ್ಪು ಟೇಪು, ಟೇಪಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು.

ಅವನ ಪರೀಕ್ಷೆ ನೋಡುವ ಹಾಗಿತ್ತು. ಅಮ್ಮನ ಅಡುಗೆಮನೆಯಿಂದ ತಂದ ಪುಟ್ಟ ತಕ್ಕಡಿಯ ಮೇಲೆ ಮಷೀನಿಟ್ಟು, ಸೊನ್ನೆಗೆ ತಂದು, ಪೆನ್ಸಿಲ್ಲಿನ ಹಿಂಬದಿಯಿಂದ ಬಟನ್ ಒತ್ತುತ್ತಿದ್ದ. ಟಿಕ್ ಎಂದಾಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಬಲ ಬೇಕು ಎಂದು ಲೆಕ್ಕ. ಒಂದನೆಯದಕ್ಕೆ ಮುನ್ನೂರರ ಹತ್ತಿರ ಬಂತು, ಮೂರನೆಯದಕ್ಕೆ ನೂರ ನಲವತ್ತು.

"ಒಂದರ ಸ್ಕ್ರೀನ್ ಸೂಪರ್. ಆದ್ರೆ ಹೆಬ್ಬೆರಳಿಗೆ ಶತ್ರು. ಎರಡರ ಬ್ಯಾಟರಿ ಎಂಟು ಗಂಟೆ ಬರುತ್ತೆ, ಹೆಬ್ಬೆರಳಲ್ಲಿ ತಿರುಗಿಸೋ ಸ್ಟಿಕ್ ಮಾತ್ರ ಬೇಗ ಸವೆಯುತ್ತೆ. ಮೂರರ ಸ್ಟಿಕ್‌ನಲ್ಲಿ ಮ್ಯಾಗ್ನೆಟ್ ಸೆನ್ಸರ್ ಇದೆ, ಸವೆಯೋ ಮಾತಿಲ್ಲ. ಹಗುರ. ಈಗ ಕಣ್ಣು ಮುಚ್ಚಿ, ಒಂದೊಂದೇ ಹಿಡಿದು ನೋಡಿ."

ಕಣ್ಣು ಮುಚ್ಚಬೇಕಾ? ಇವನ ಮುಂದೆ?

ಮುಚ್ಚಿದಳು. ಮೂರನೆಯದು ಕೈಗೆ ಬಂದಾಗ ಅಂಗೈ ತಾನಾಗಿಯೇ ಅದರ ಸುತ್ತ ಕೂತಿತು. ಅಷ್ಟರಲ್ಲಿ ಕೇಳಿಸಿತು... ಟಿಕ್. ಕೌಂಟರಿನ ಕೆಳಗಿನಿಂದ. ಮತ್ತೆ ಟಿಕ್.

ಕಣ್ಣು ಬಿಟ್ಟಳು. ಅವನ ಎಡಗೈ ಮೇಲಿತ್ತು, ಬಲಗೈ ಕೌಂಟರಿನ ಕೆಳಗಿತ್ತು.

"ಏನದು ಸದ್ದು?"

"ಏನಿಲ್ಲ" ಎಂದ ಭೀಮರಾಜ್, ಕಣ್ಣು ತಪ್ಪಿಸಿ.

ಮೂರು ಮಷೀನನ್ನೂ ಒಂದು ವಾರಕ್ಕೆ ಎರವಲು ಕೊಟ್ಟ. ಪೇಷಂಟುಗಳಲ್ಲಿ ತಣಿಸಂದ್ರದ ಖುರ್ಷೀದ್ ಬೀಗೆ ಅವು ಮೊದಲು ಸಿಕ್ಕಿದವು. ನಲವತ್ತು ವರ್ಷ ಜರಿ ಕಸೂತಿ ಹಾಕಿದ ಆಕೆಯ ಬಲಗೈ ಪಾರ್ಶ್ವವಾಯುವಿನಿಂದ ಮುದುಡಿ ಹೋಗಿತ್ತು. ಒಂದನೆಯದನ್ನು ಮುಟ್ಟಿದ ಕೂಡಲೇ ಕೆಳಗಿಟ್ಟರು. ಮೂರನೆಯದನ್ನು ಹಿಡಿದು ಹತ್ತು ನಿಮಿಷ ಬಿಡಲಿಲ್ಲ.

"ಬೇಟಿ, ಇದು ನನ್ನ ಮಾತು ಕೇಳ್ತದೆ" ಅಂದರು.

ಆ ವಾರ ಭೀಮರಾಜ್ ದಿನವೂ ಮೆಸೇಜ್ ಮಾಡುತ್ತಿದ್ದ. ಖುರ್ಷೀದಮ್ಮ ಇವತ್ತು ಎಷ್ಟು ಹೊತ್ತು ಆಡಿದ್ರು? ಹೆಬ್ಬೆರಳು ನೋವು ಅಂದ್ರಾ? ಗಾಯ ಆಗಿ ಎಷ್ಟೋ ತಿಂಗಳಾದ ಮೇಲೂ ಕೈ ಸರಿ ಹೋಗುತ್ತಾ? ರಿಪೇರಿಯವನಿಗೆ ಇದೆಲ್ಲ ಯಾಕೆ ಬೇಕು ಎಂದುಕೊಳ್ಳುತ್ತಲೇ ಸಂಯುಕ್ತಾ ಒಂದೊಂದಕ್ಕೂ ಉದ್ದುದ್ದ ಉತ್ತರ ಬರೆದಳು. ಬೆಳಿಗ್ಗೆ ಎದ್ದ ತಕ್ಷಣ ಫೋನ್ ನೋಡುವ ಅಭ್ಯಾಸವೂ ಆಯಿತು. ಅದು ಕೆಲಸದ ವಿಷಯಕ್ಕೆ, ಬೇರೆ ಏನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಪಾಪ, ಕೇಳುವವರು ಯಾರೂ ಇರಲಿಲ್ಲ.

ಬೇಡ ಸಂಯುಕ್ತಾ. ಹೋದ ಸಲವೂ ಹೀಗೇ ಶುರುವಾಗಿತ್ತು...

ಭೀಮರಾಜ್ ಕೊನೆಯ ಸಲ ಪರೀಕ್ಷಿಸಿ ಕೊಡಲೆಂದು ಅವಳು ಮಷೀನುಗಳನ್ನು ಹಿಂದಿರುಗಿಸಲು ಹೋದ ದಿನ, ಅಂಗಡಿಯಿಂದ ಒಬ್ಬ ಹೊರಗೆ ಬರುತ್ತಿದ್ದ. ಅವನ ಟೀ ಶರ್ಟಿನ ಮೇಲೆ ಕೆಂಪು ಡಬ್ಬಿಯ ಕಂಪನಿಯ ಗುರುತಿತ್ತು.

"ಕೆಲಸ ಆಗುತ್ತೆ ತಾನೇ ಗುರು? ಎಂಟು ಪೀಸ್" ಎಂದು ಬಾಗಿಲಿಂದಲೇ ಒಳಕ್ಕೆ ಕೂಗಿ, ಅವಳನ್ನು ದಾಟಿಕೊಂಡು ಹೋದ.

ಎಂಟು ಪೀಸ್. ಸಂಯುಕ್ತಾ ಒಳಕ್ಕೆ ಇಣುಕಿದಳು. ಕೌಂಟರಿನ ಪಕ್ಕದಲ್ಲೇ ಒಂದು ಕೆಂಪು ಡಬ್ಬಿ ಕಾಣಿಸಿತು.

ಅವಳು ಏನೂ ಕೇಳಲಿಲ್ಲ. ಆದರೆ ಚೀಲದಿಂದ ಮಷೀನು ತೆಗೆಯುವ ಮುಂಚೆ, ಪೇಷಂಟುಗಳ ಕೀಲಿನ ಮೇಲೆ ಗುರುತು ಹಾಕುವ ಮಾರ್ಕರಿನಿಂದ ಮೂರನೆಯದರ ಬೆನ್ನಿಗೆ ಒಂದು ಸಣ್ಣ ನೀಲಿ ಚುಕ್ಕೆ ಇಟ್ಟಳು. ಇದನ್ನು ತೋರಿಸಿ ಮೆಚ್ಚಿಸಿ, ಕೊನೆಗೆ ಅದೇ ಟೇಪಿನಡಿ ಇನ್ನೊಂದನ್ನು ಕೊಟ್ಟರೆ? ನೋಡೇಬಿಡೋಣ.

ಎರಡು ದಿನ ಬಿಟ್ಟು ಬಂದಳು. ಮೂರನೆಯದನ್ನು ಕೈಗೆತ್ತಿಕೊಂಡು ತಿರುಗಿಸಿದಳು.

ಚುಕ್ಕೆ ಇರಲಿಲ್ಲ.

"ಬದಲಾಯಿಸಿದ್ರಿ" ಎಂದಳು.

"ಏನನ್ನ?"

"ನಾಟಕ ಬೇಡ ಭೀಮರಾಜ್. ಇದಕ್ಕೆ ನಾನು ಗುರುತು ಹಾಕಿದ್ದೆ. ಈಗ ಇಲ್ಲ. ಆ ಕಂಪನಿಯೋನು ಬಂದು ಎಂಟು ಪೀಸ್ ಅಂದಿದ್ದು ನಾನೇ ಕೇಳಿದೀನಿ. ಕೆಂಪು ಡಬ್ಬಿನೂ ನೋಡಿದೀನಿ. ನಿಮ್ಮ ರೇಟ್ ಎಷ್ಟು?"

ಅವನು ಅವಳನ್ನೇ ನೋಡಿದ. "ನೀಲಿ ಚುಕ್ಕೆನಾ? ಸ್ಪಿರಿಟ್‌ನಲ್ಲಿ ಒರೆಸಿದೆ, ಹೋಯ್ತು. ನೀವೇ ಹೇಳಿದ್ರಲ್ಲ, ಪ್ರತಿ ಸಲ ಒರೆಸಿ ಕೊಡಬೇಕು ಅಂತ."

ದಿನಕ್ಕೆ ಇಪ್ಪತ್ತು ಕೈಗಳ ಮೇಲೆ ಅದೇ ಮಾರ್ಕರಿನಿಂದ ಗುರುತು ಹಾಕಿ, ಅದೇ ಸ್ಪಿರಿಟ್ಟಿನಲ್ಲಿ ಒರೆಸುವವಳು ಅವಳು. ಅದು ಹೊಳೆಯಬೇಕಿತ್ತು. ಆದರೆ ಅನುಮಾನ ಹೊಕ್ಕ ತಲೆಗೆ ದಿನನಿತ್ಯದ್ದೂ ಮರೆತುಹೋಗುತ್ತದೆ.

"ಮತ್ತೆ ಆ ಸದ್ದು?" ಅವಳು ಬಿಡಲಿಲ್ಲ. "ನಾನು ಕಣ್ಣು ಮುಚ್ಚಿದಾಗ ಕೆಳಗೆ ಟಿಕ್ ಟಿಕ್ ಅಂತ ಏನ್ ಮಾಡ್ತಿದ್ರಿ? ಬಂದಾಗಿಂದ ನೋಡ್ತಿದೀನಿ, ಬಲಗೈ ಮೇಲೆ ಬರಲ್ಲ. ಆ ಕೈ ಮೇಲಿಡಿ."

"ಬೇಡ."

"ಇಡಿ ಅಂದೆ."

ಭೀಮರಾಜ್ ನಿಧಾನವಾಗಿ ಬಲಗೈಯನ್ನು ಕೌಂಟರಿನ ಮೇಲಿಟ್ಟ.

ಆ ಕೈಯಲ್ಲಿ ಹಳೆಯ ಮಷೀನಿನ ಒಡೆದ ತುಂಡೊಂದಿತ್ತು. ಅದರಲ್ಲಿ ಉಳಿದಿದ್ದುದು ಒಂದೇ ಬಟನ್. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಒಂದು ಉದ್ದ ಗಾಯದ ಗುರುತು. ಹೆಬ್ಬೆರಳು ಸೌದೆಯ ಚೂರಿನಂತೆ ನೆಟ್ಟಗೆ ನಿಂತಿತ್ತು. ಬಟನ್ ಒತ್ತಲು ಅವನು ಇಡೀ ಕೈಯನ್ನೇ ಬಗ್ಗಿಸಬೇಕಾಗಿತ್ತು.

ಟಿಕ್.

"ಒಡೆದ ಸ್ಕ್ರೀನ್ ಗಾಜು, ಎಂಟು ತಿಂಗಳಾಯ್ತು" ಎಂದ. "ನರ ಹೊಲಿದ್ರು. ಆಮೇಲೆ ಎಕ್ಸರ್ಸೈಜ್‌ಗೆ ಬಾ ಅಂದಿದ್ರು, ಹೋಗ್ಲಿಲ್ಲ. ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಕೈ ಸ್ವಾಧೀನ ಇಲ್ಲದೋನ ಹತ್ರ ರಿಪೇರಿಗೆ ಯಾರ್ ಕೊಡ್ತಾರೆ? ಎಡಗೈಯಲ್ಲಿ ಕಲಿತ್ಕೊಂಡೆ. ನಿಮ್ಮ ಪೇಷಂಟ್‌ಗೆ ಯಾವ್ದು ಸರಿ ಅಂತ ತಕ್ಕಡಿ ಅರ್ಧ ಹೇಳ್ತು. ಮಿಕ್ಕಿದ್ದನ್ನ ಈ ಹೆಬ್ಬೆರಳು ಹೇಳ್ತು."

ಅಂದವನೇ ಎಡಗೈಯಿಂದ ಮೂರೂ ಮಷೀನುಗಳ ಟೇಪನ್ನು ಒಂದೊಂದಾಗಿ ಕಿತ್ತ. ಕೆಂಪು ಡಬ್ಬಿಯ ಕಂಪನಿಯ ಹೆಸರು ಹೊರಬಿತ್ತು. ಒಂದನೇ ನಂಬರಿನ ಕೆಳಗೆ. ಹೆಬ್ಬೆರಳಿಗೆ ಶತ್ರು ಎಂದು ಅವನೇ ಮೊದಲ ದಿನ ಹೇಳಿದ್ದ ಮಷೀನು. ಮೂರನೆಯದರ ಮೇಲಿದ್ದ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ.

"ಆ ಡಬ್ಬಿ ಇದರದ್ದೇ, ಅವರ ಹೊಸ ಮಾಡೆಲ್. ಅವನು ನಿಮ್ಮ ಸೆಂಟರ್‌ಗೆ ಫೋನ್ ಮಾಡಿ ವಿಷಯ ತಿಳ್ಕೊಂಡು ಬಂದಿದ್ದ. ಆಗಲ್ಲ ಅಂತ ಆಗಲೇ ಹೇಳಿದ್ದೆ, ಆದ್ರೂ ಹೋಗ್ತಾ ಕೂಗಿದ" ಎಂದು ಮೂರನೆಯದನ್ನು ಅವಳ ಕಡೆ ಸರಿಸಿದ. "ತಗೊಂಡ್ ಹೋಗಿ. ಖುರ್ಷೀದಮ್ಮ ಕಾಯ್ತಿರ್ತಾರೆ."

ಸಂಯುಕ್ತಾಳ ಬದುಕೇ ಕೈಗಳನ್ನು ನೋಡುವುದು. ಇಷ್ಟು ದಿನ ಇವನ ಟೇಪು ನೋಡಿದಳು, ಡಬ್ಬಿ ನೋಡಿದಳು, ಕಣ್ಣೆದುರಿಗಿದ್ದ ಕೈಯೊಂದನ್ನು ಮಾತ್ರ ನೋಡಲಿಲ್ಲ. ಮೆಸೇಜಿನಲ್ಲಿ ಅವನು ಕೇಳಿದ ಪ್ರಶ್ನೆಗಳೆಲ್ಲ ಒಟ್ಟಿಗೆ ನೆನಪಾಗಿ, ನಾಚಿಕೆಯಿಂದ ಕಣ್ಣು ತುಂಬಿತು. ಮಷೀನು ತೆಗೆದುಕೊಂಡು ಹೊರಟುಬಿಟ್ಟಳು.

ಮೂರನೇ ನಂಬರಿನ ಎಂಟು ಮಷೀನುಗಳು ಸೆಂಟರಿಗೆ ಬಂದವು. ಡಾಕ್ಟರು ಖುರ್ಷೀದ್ ಬೀಯ ಬೆರಳು ನೋಡಿ ಮೆಚ್ಚಿದರು. ಸಂಯುಕ್ತಾಳ ಫೋನಿಗೆ ಮಾತ್ರ ಭೀಮರಾಜನ ಮೆಸೇಜು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳೇ ಹೋದಳು. ಅಂಗಡಿ ಮುಚ್ಚಿತ್ತು. ಜಗಲಿಯ ಮೇಲೆ ಅವನ ತಾಯಿ ಮುನಿಕೃಷ್ಣಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು.

"ನೀನೇ ಏನವ್ವ ಕೈ ಡಾಕ್ಟರಮ್ಮ? ನನ್ನ ತಕ್ಕಡೀನ ಅಂಗಡೀಗ್ ಒತ್ಕೊಂಡೋಗಿ ವಾರಗಟ್ಲೆ ನಿನ್ ಮಾತೇ ಆಡ್ತಿದ್ದ. ಈಗ ಮಾತೇ ಇಲ್ಲ. ಅದೇನ್ ಮಾಡ್ದೆ?"

"ತಪ್ಪು ಮಾಡಿದೆ ಅಮ್ಮ."

"ಅಂಗಾರೆ ಒಳಿಕ್ಕೋಗಿ ಅವನ್ಗೇ ಯೋಳು. ನನ್ಗ್ಯಾಕ್ ಯೋಳ್ತೀಯ?"

ಒಳಗೆ ಹೋಗುವ ಅಗತ್ಯವಿರಲಿಲ್ಲ. ಭೀಮರಾಜ್ ಬಾಗಿಲಲ್ಲೇ ನಿಂತಿದ್ದ. ಬಲಗೈ ಬೆನ್ನ ಹಿಂದೆ.

"ಕ್ಷಮಿಸಿ" ಅಂದಳು ಸಂಯುಕ್ತಾ. "ಮೊದಲೊಬ್ಬ ಮೋಸ ಮಾಡಿದ್ದ. ಅವನ ಲೆಕ್ಕ ನಿಮ್ಮ ಮೇಲೆ ಹಾಕಿದೆ. ನಾಳೆ ಹತ್ತು ಗಂಟೆಗೆ ಸೆಂಟರ್‌ಗೆ ಬನ್ನಿ. ಹೆಬ್ಬೆರಳು ಪೂರ್ತಿ ಸರಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಈಗಿರೋದಕ್ಕಿಂತ ಬಗ್ಗುತ್ತೆ."

ಅವನು ಬಲಗೈ ಬೆನ್ನ ಹಿಂದಿಟ್ಟುಕೊಂಡೇ ಒಳಗೆ ಹೋದ.

ಸೋಮವಾರ ಹತ್ತು ಹೊಡೆಯಿತು. ಹತ್ತೂಕಾಲಾಯಿತು. ಸಂಯುಕ್ತಾ ಕಿಟಕಿಗೂ ಮೇಜಿಗೂ ಓಡಾಡುತ್ತಿದ್ದಳು. ಹತ್ತೂವರೆಗೆ ಬಾಗಿಲು ತೆರೆದು ಭೀಮರಾಜ್ ಒಳಗೆ ಬಂದ. ಅವಳು ಚೀಟಿಯೊಂದನ್ನು ಅವನಿಗೆ ಕೊಟ್ಟಳು. ಅದರಲ್ಲಿ ಥೆರಪಿಸ್ಟ್ ಹೆಸರಿನ ಜಾಗದಲ್ಲಿ ಸುಮಾ ಎಂದಿತ್ತು.

ಅವನ ಮುಖ ಬಾಡಿತು. "ನೀವು ನೋಡಲ್ವಾ?"

"ಇಲ್ಲ."

"ಇನ್ನೂ ಅನುಮಾನ ಹೋಗಿಲ್ಲ ಅನ್ನಿ." ಚೀಟಿ ಮಡಚಿ ಬಾಗಿಲ ಕಡೆ ತಿರುಗಿದ.

"ಭೀಮರಾಜ್... ನಿಲ್ಲಿ."

ನಿಂತ. ಅತ್ತ ಖುರ್ಷೀದ್ ಬೀಯೂ ಆಟ ನಿಲ್ಲಿಸಿದರು.

"ನಮ್ಮಲ್ಲಿ ಒಂದು ನಿಯಮ ಇದೆ" ಎಂದಳು ಸಂಯುಕ್ತಾ. ಕೆನ್ನೆ ಬಿಸಿಯಾಗಿತ್ತು. "ಥೆರಪಿಸ್ಟ್ ಆದೋಳು ಪೇಷಂಟ್‌ನ ಬರೀ ಪೇಷಂಟ್ ಥರ ನೋಡ್ಬೇಕು. ಇವತ್ತು ಬರ್ತಾರೋ ಇಲ್ವೋ ಅಂತ ಬೆಳಿಗ್ಗೆಯಿಂದ ಕಿಟಕಿ ಹತ್ರ ನಿಂತಿರಬಾರದು. ಮೆಸೇಜ್ ಬಂದಿಲ್ಲ ಅಂತ ಊಟ ಬಿಡಬಾರದು. ನಿಮ್ಮ ವಿಷಯದಲ್ಲಿ ನನ್ನ ಕೈಲಿ ಆಗಲ್ಲ. ಅದಕ್ಕೆ ಸುಮಾ ನೋಡ್ತಾಳೆ."

ಭೀಮರಾಜ್ ತಿರುಗಿ ನೋಡಿದ.

"ಹಂಗಾದ್ರೆ ನಾನು ನಿಮ್ಮ ಪೇಷಂಟ್ ಅಲ್ಲ?"

"ಅಲ್ಲ."

"ಮತ್ತೆ ಏನು?"

"ಅದನ್ನ ನೀವೇ ಹೇಳ್ಬೇಕು. ಟೆಸ್ಟ್ ಮಾಡಿ ಹೇಳೋದು ನಿಮ್ಮ ಕೆಲಸ ಅಲ್ವಾ?"

ಅವನು ಮೊದಲ ಸಲ ನಕ್ಕ. ಆಮೇಲೆ ಬೆನ್ನ ಹಿಂದಿದ್ದ ಬಲಗೈಯನ್ನು ತಾನಾಗಿಯೇ ಮುಂದೆ ತಂದು, ಅವಳ ಮುಂದೆ ಚಾಚಿದ.

"ಕಣ್ಣು ಮುಚ್ಚಿ ಹಿಡೀರಿ" ಎಂದ.

ಸಂಯುಕ್ತಾ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಕಣ್ಣು ಮುಚ್ಚಲಿಲ್ಲ.

"ಬೇಡ, ಈ ಸಲ ನೋಡ್ಕೊಂಡೇ ಹಿಡೀತೀನಿ" ಎಂದಳು.