ಕೆಂಪು ಚುಕ್ಕಿ

ಮೂವರು ಹೊರಟಾಗ ಬೆಳಿಗ್ಗೆ ಆರು ಗಂಟೆ. ಬೆಟ್ಟದ ಮೇಲಿನ ಸರ್ವೆ ಶಿಬಿರದಲ್ಲಿ ಕೆಟ್ಟು ನಿಂತ ಹಳೆಯ ಡೀಸೆಲ್ ಲಾರಿಯ, ಎಂಜಿನ್ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್‌ಗಳನ್ನು ಬದಲಿಸಿ, ಹೊಳೆ ಏರುವುದರೊಳಗೆ ಅದನ್ನು ಕೆಳಗಿಳಿಸಬೇಕಿತ್ತು. ತಡವಾದರೆ ಲಾರಿ ನಾಲ್ಕು ತಿಂಗಳು ಅಲ್ಲೇ.

ಮುಂದೆ ಅಣ್ಣ, ಹಿಂದೆ ಉಪಕರಣಗಳ ಪೆಟ್ಟಿಗೆ ಹೊತ್ತ ತಂಗಿ, ಕೊನೆಗೆ ಲಾರಿಯ ಚಾಲಕ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ಹತ್ತು ವರ್ಷವಾಗಿತ್ತು.

ಆರು ತಿಂಗಳ ಹಿಂದೆ ಈ ಎಂಜಿನ್ ಕಟ್ಟಿದ್ದು ಅಪ್ಪ. ಅದು ಸೋರುತ್ತಿದೆ ಎಂಬ ಸುದ್ದಿ ಬಂದ ದಿನವೇ ಅಣ್ಣ, ಅಪ್ಪನ ಕಣ್ಣು ಹೋಯಿತು, ಇನ್ನು ಸ್ಪ್ಯಾನರ್ ಮುಟ್ಟುವುದು ಬೇಡ ಎಂದು ಗಿರಾಕಿಗಳೆದುರೇ ಹೇಳಿ ಗ್ಯಾರೇಜಿನ ಬೀಗದಕೈ ಇಸಿದುಕೊಂಡಿದ್ದ. ಅಂದಿನಿಂದ ಅಪ್ಪ ಹೊರಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಳಗಿನ ಸದ್ದು ಕೇಳುತ್ತಾ ಕೂರುತ್ತಿದ್ದ. ತಪ್ಪು ನಿಜಕ್ಕೂ ಅಪ್ಪನದೇ? ತಂಗಿ ಬಂದದ್ದು ಅದನ್ನು ನೋಡಲಿಕ್ಕೆ.

ಹೊಳೆ ಮೊಣಕಾಲಿನವರೆಗೆ ಇತ್ತು. ದಾಟಿದ ಮೇಲೆ ಲಾರಿಯ ಸುತ್ತುದಾರಿ ಬಿಟ್ಟು ಹಿಡಿದ ಕಾಲುದಾರಿ ಮುಳ್ಳುಪೊದೆಗಳ ನಡುವೆ ನುಸುಳಿ, ಬೂದು ಬಂಡೆಯ ಅಂಚಿಗೆ ಅಂಟಿಕೊಂಡು ಏರಿತು. ಕಾಲಿಟ್ಟಲ್ಲಿ ಕಲ್ಲು ಜಾರಿ ಕಣಿವೆಗೆ ಬೀಳುತ್ತಿತ್ತು. ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳುತ್ತಿತ್ತು. ಆಚೆ ಶಿಖರಗಳ ಹಿಂದೆ ಮೋಡ ಕಪ್ಪಗೆ ದಟ್ಟೈಸುತ್ತಿತ್ತು.

ಶಿಬಿರದಲ್ಲಿ ಅಣ್ಣ ರೇಡಿಯೇಟರಿನ ನೀರು ಬಸಿದ. ತಂಗಿ ಎಂಜಿನ್ನಿನ ಮುಚ್ಚಳ ತೆಗೆದು ಬೋಲ್ಟುಗಳ ಎಣ್ಣೆ ಒರೆಸಿದಳು. ಕೈ ನಿಂತಿತು.

ಅಪ್ಪನ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಬೋಲ್ಟನ್ನು ಮೊದಲ ಸಲ ಬಿಗಿದರೆ ಬಿಳಿ ಚುಕ್ಕಿ. ಎಂಜಿನ್ ಓಡಿಸಿ, ಕಾಯಿಸಿ, ಆರಲು ಬಿಟ್ಟು, ಮತ್ತೆ ಬಿಗಿದರೆ ಪಕ್ಕದಲ್ಲಿ ಕೆಂಪು ಚುಕ್ಕಿ. ಕಾದ ಗ್ಯಾಸ್ಕೆಟ್ ಕುಗ್ಗುತ್ತದೆ. ಎರಡನೇ ಬಿಗಿತ ತಪ್ಪಿದರೆ ಸೋರುತ್ತದೆ. ಇಲ್ಲಿ ಇಪ್ಪತ್ತಾರು ಬೋಲ್ಟು, ಇಪ್ಪತ್ತಾರು ಬಿಳಿ ಚುಕ್ಕಿ. ಕೆಂಪು ಒಂದೂ ಇಲ್ಲ. ಎಂಜಿನ್ ಕಟ್ಟಿ ಮುಗಿಸಿದ ಸಂಜೆ ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ. ಎರಡನೇ ಬಿಗಿತ ಅಣ್ಣನ ಪಾಲಿನದು. ಆಯ್ತು ಎಂದೂ ಹೇಳಿದ್ದ.

"ಕೆಂಪು ಎಲ್ಲಣ್ಣಾ?"

ಅಣ್ಣ ಸ್ಪ್ಯಾನರ್ ಎತ್ತಿಕೊಂಡ. ಬೋಲ್ಟುಗಳನ್ನು ಬಿಚ್ಚಿ, ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದನ್ನೇ ತಿಕ್ಕತೊಡಗಿದ. "ಕ್ಲೀನ್ ಮಾಡದೆ ಹಾಕಕ್ಕಾಗುತ್ತಾ?"

ಆಗುವುದಿಲ್ಲ. ಅದೇ ಕಷ್ಟ. ಒಂದನ್ನು ಜೇಬಿಗಿಳಿಸೋಣವೆಂದರೆ ಬದಲಿ ಬೋಲ್ಟಿರಲಿಲ್ಲ. ಲಾರಿ ಇಳಿಯಬೇಕಾದರೆ ಸಾಕ್ಷಿ ಅಳಿಯಬೇಕು. ಅವಳೂ ಬಟ್ಟೆ ಎತ್ತಿಕೊಂಡಳು.

ಎಂಜಿನ್ ಮೇಲೆ ಕೂತ ಭಾರದ ಹೆಡ್‌ಗಳೆರಡನ್ನೂ ಹಗ್ಗ ಕಟ್ಟಿ ಎತ್ತಿದರು. ಕಪ್ಪಗೆ ಸುಟ್ಟ ಗ್ಯಾಸ್ಕೆಟ್ ಕೆರೆದರು, ಹೊಸದು ಕೂರಿಸಿದರು, ನಡುವಿನಿಂದ ಅಂಚಿಗೆ ಮೂರು ಸುತ್ತು ಬಿಗಿದು ಬಿಳಿ ಚುಕ್ಕಿಯಿಟ್ಟರು. ಎಂಜಿನ್ ಗುಡುಗಿತು. ಹೊಗೆ ತಿಳಿಯಾಯಿತು.

ಮೇಲಿನ ಕಣಿವೆಯಲ್ಲಿ ಮಳೆ ಶುರುವಾಗಿತ್ತು. ಅಣ್ಣ ಈಗಲೇ ಇಳಿಯೋಣ ಎಂದ. ತಂಗಿ ಎಂಜಿನ್ ಆರಿಸಿ ಕೀಲಿ ಕಿತ್ತುಕೊಂಡಳು.

"ಆರ್ಲಿ. ಮತ್ತೆ ಬಿಗೀಬೇಕು."

"ಹೊಳೆ ನಿನ್ನ ಮಾತು ಕೇಳುತ್ತಾ, ಮಹಾರಾಣಿ?"

ಮೀಸೆ ಒಬ್ಬೊಬ್ಬರ ಮುಖವನ್ನೂ ನೋಡಿ ಚಕ್ರಕ್ಕೆ ಒರಗಿ ಕೂತ. "ಸ್ಟೇರಿಂಗ್ ಹಿಡಿಯೋನು ನಾನು. ಆರ್ಲಿ ಬಿಡಪ್ಪ."

ಮೂರು ಗಂಟೆ ಕಾದರು. ಅವಳು ಇಪ್ಪತ್ತಾರನ್ನೂ ಬಿಗಿದು, ಬಿಳಿಯ ಪಕ್ಕ ಕೆಂಪಿಟ್ಟಳು.

ಕೆಳಗೆ ಬರುವಷ್ಟರಲ್ಲಿ ಹೊಳೆ ಸೊಂಟಕ್ಕೆ ಬಂದಿತ್ತು.

ಮೀಸೆ ಲಾರಿಯನ್ನು ನೀರಿಗಿಳಿಸಿದ. ನೀರು ಬಂಪರಿಗೆ ಅಪ್ಪಳಿಸಿತು. ಲಾರಿ ವಾಲಿತು. ಹಿಂದಿನ ಚಕ್ರ ಮರಳಿನಲ್ಲಿ ಹೂತು ಸುತ್ತಿತು. ಎಂಜಿನ್ ಅರಚಿತು, ಶಾಖದ ಮುಳ್ಳು ಏರಿತು, ಕೆಂಪು ಗೆರೆಯ ಹತ್ತಿರ ನಡುಗಿತು.

ದಾಟಲಿಲ್ಲ ಆ ಗೆರೆ.

ಚಕ್ರ ಕಲ್ಲು ಕಚ್ಚಿತು. ಲಾರಿ ಏದುಸಿರು ಬಿಡುತ್ತಾ ದಡ ಹತ್ತಿತು.

ಗ್ಯಾರೇಜಿನ ಮುಂದೆ ಜನ ಸೇರಿದಾಗ, ಅಪ್ಪ ಕೆಡಿಸಿದ್ದನ್ನು ಸರಿಮಾಡಿಕೊಂಡು ಬಂದೆವು ಎಂದ ಅಣ್ಣ. ಮೀಸೆ ಬೂಟು ನೋಡಿಕೊಂಡ. ಅವನಿಗೆ ನಾಳೆಯೂ ಇದೇ ಗ್ಯಾರೇಜು ಬೇಕು. ತೋರಿಸಲು ಸಾಕ್ಷಿಯಿಲ್ಲದ ತಂಗಿ ಪೆಟ್ಟಿಗೆ ಎತ್ತಿ ಒಳಗೊಯ್ದಳು.

ಜನ ಚದುರಿದ ಮೇಲೆ ಅವಳು ಮುಚ್ಚಳ ತೆಗೆದು, ಅಪ್ಪನ ಬೆರಳನ್ನು ಬೋಲ್ಟಿನ ಮೇಲಿಟ್ಟಳು. ಬೆರಳು ಒಂದರಿಂದ ಇನ್ನೊಂದಕ್ಕೆ ನಡೆಯಿತು. ಎಲ್ಲದರಲ್ಲೂ ಬಣ್ಣದ ಎರಡು ಉಬ್ಬು.

"ಹೋದ ಸಲದ್ದರಲ್ಲಿ?"

"ಒಂದೇ ಇತ್ತು, ಅಪ್ಪಾ."

ಅಪ್ಪ ಬೆರಳಿನ ಎಣ್ಣೆ ಒರೆಸಿಕೊಂಡ. "ಇಬ್ರಿಗೂ ಒಟ್ಟಿಗೇ ಕಲಿಸಿದ್ದೆ" ಎಂದಷ್ಟೇ ಹೇಳಿದ.

ಬೀಗದಕೈ ಅಣ್ಣನ ಸೊಂಟದಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಅಪ್ಪ ಹೊರಬಾಗಿಲಿನ ಕುರ್ಚಿಯನ್ನು ತಾನೇ ಎಳೆದುಕೊಂಡು ಒಳಗೆ ಬಂದು, ಮಗಳು ಕೆಲಸ ಮಾಡುವ ಮೇಜಿನ ಪಕ್ಕ ಹಾಕಿಕೊಂಡು ಕೂತ.